ಅಂಗಳದ ಹಾಸು: ಬಿರುಕುಗಳು ಮತ್ತು ಅವುಗಳ ದುರಸ್ತಿ (ಬೆಳಗಾವಿ–ಖಾನಾಪುರ ಪ್ರಾಂತ)

ಮನೆಯ ಗೇಟಿನಿಂದ ಪೋರ್ಚಿನವರೆಗೆ, ಇಲ್ಲವೆ ಬೀದಿಯ ಅಂಚಿನಿಂದ ತಲೆಬಾಗಿಲ ಮೆಟ್ಟಿಲವರೆಗೆ, ಜನರ ಓಡಾಟಕ್ಕೂ ವಾಹನಗಳ ನಿಲುಗಡೆಗೂ ಒದಗುವಂತೆ ಕಾಂಕ್ರೀಟು, ಫರಸಿಕಲ್ಲು, ಪೇವರ್ ಬ್ಲಾಕು ಅಥವಾ ಡಾಂಬರಿನಿಂದ ಗಟ್ಟಿಗೊಳಿಸಿದ ನೆಲವೇ ಅಂಗಳದ ಹಾಸು. ಗೋಡೆಗಳಿಗೆ ಆಳವಾದ ಬುನಾದಿಯ ಆಧಾರವುಂಟು, ಮಾಡಿನ ಆಶ್ರಯವುಂಟು. ಹಾಸಿಗಾದರೋ ಇವೆರಡೂ ಇಲ್ಲ. ಸುಮಾರು ನಾಲ್ಕು ಅಂಗುಲದ ದಪ್ಪದಲ್ಲಿ ನೆಲದ ಮೇಲೆ ಮಲಗಿರುವ ಅದು ಮೇಲಿನ ಬಿಸಿಲುಮಳೆಗಳನ್ನೂ, ಕೆಳಗಿನ ಮಣ್ಣಿನ ಏರಿಳಿತವನ್ನೂ, ಬಂದುಹೋಗುವ ವಾಹನಗಳ ಭಾರವನ್ನೂ ಏಕಕಾಲಕ್ಕೆ ತಾಳಿಕೊಳ್ಳಬೇಕಾಗಿದೆ. ಆದಕಾರಣ ಮನೆಯ ಅಂಗಾಂಗಗಳಲ್ಲಿ ಮೊದಲು ಬಿರಿಯುವುದು ಸಾಮಾನ್ಯವಾಗಿ ಇದೇ, ಯಜಮಾನನ ಗಮನಕ್ಕೆ ಕಟ್ಟಕಡೆಗೆ ಬರುವುದೂ ಇದೇ. ಬಿರುಕಿನ ಬಾಯಿಗೆ ಒಂದು ಬೊಗಸೆ ಸಿಮೆಂಟು ಮೆತ್ತಿ ಕೈತೊಳೆದುಕೊಳ್ಳುವ ರೂಢಿ ಎಲ್ಲೆಡೆಯೂ ಇದೆ. ಮಳೆಗಾಲ ಒಂದು ಕಳೆಯುವಷ್ಟರಲ್ಲಿ ಆ ಮೆತ್ತೆಯ ಪಕ್ಕದಲ್ಲಿಯೇ ಹೊಸ ಸೀಳು ಕಾಣಿಸಿಕೊಳ್ಳುವುದು. ಬಿರಿದದ್ದು ಮಣ್ಣಿನಿಂದಲೋ, ನೀರಿನಿಂದಲೋ, ಹಾಸಿನ ಮೈಯೊಳಗಣ ದೋಷದಿಂದಲೋ ಎಂಬುದನ್ನು ನಿರ್ಣಯಿಸದೆ ಕೈಗೊಂಡ ದುರಸ್ತಿಗೆ ಬಾಳಿಕೆಯಿಲ್ಲ. ಈ ಮಾತಿಗೆ ಬೆಳಗಾವಿ ನಗರವೂ ಅದರ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ದೂರದಲ್ಲಿ ಮಲಪ್ರಭೆಯ ದಡದ ಮೇಲಿರುವ ಖಾನಾಪುರವೂ ಒದಗಿಸುವಷ್ಟು ಸ್ಪಷ್ಟವಾದ ನಿದರ್ಶನ ಅನ್ಯತ್ರ ದೊರೆಯುವುದು ವಿರಳ.

ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿ, ದಖನ್ನಿನ ಕರಿಕಲ್ಲಿನ ಸ್ತರಗಳು ಸಹ್ಯಾದ್ರಿಯ ಮಡಿಲನ್ನು ಸೇರುವ ಎಡೆಯಲ್ಲಿದೆ. ಆ ಕರಿಕಲ್ಲು ಯುಗಾಂತರಗಳ ಮಳೆಬಿಸಿಲುಗಳಿಗೆ ಶಿಥಿಲವಾಗಿ ಎರಡು ಬಗೆಯ ನೆಲವನ್ನು ಕೊಟ್ಟಿದೆ. ನೀರು ನಿಲ್ಲದೆ ಇಳಿದುಹೋದ ದಿಣ್ಣೆಗಳಲ್ಲಿ ಸುಣ್ಣ, ಸೋಡ ಮುಂತಾದ ಕ್ಷಾರಗಳು ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಕೆಂಪಾದ ಜಂಬಿಟ್ಟಿಗೆಯ ನೆಲವಾಯಿತು. ನೀರು ಮಡುಗಟ್ಟಿ ನಿಂತ ತಗ್ಗುಗಳಲ್ಲಿ ಆ ಕ್ಷಾರಗಳು ಉಳಿದುಕೊಂಡು ಜಿಗುಟಾದ ಎರೆಮಣ್ಣಾಯಿತು. ನಗರದ ದಕ್ಷಿಣಕ್ಕೆ ಶಹಾಪುರ, ವಡಗಾಂವ, ಅನಗೋಳ, ಯಳ್ಳೂರುಗಳ ಶಿವಾರದಲ್ಲಿ ಸುವಾಸನೆಯ ಅಕ್ಕಿಗೆ ಹೆಸರಾದ ಭತ್ತದ ಗದ್ದೆಗಳಿರುವುದು ಈ ಎರೆಯ ನೆಲದಲ್ಲಿಯೇ; ಬಳ್ಳಾರಿ ನಾಲೆಯ ಇಬ್ಬದಿಗಳಲ್ಲಿ ಮಳೆಗಾಲದಲ್ಲಿ ನೀರು ಹರಡಿ ನಿಲ್ಲುವುದೂ ಇಲ್ಲಿಯೇ. ನಗರವು ಬೆಳೆದಂತೆ ಈ ಗದ್ದೆಗಳ ಅಂಚಿನಲ್ಲಿ ಬಡಾವಣೆಗಳು ಎದ್ದವು. ಖಾನಾಪುರದ ಕಡೆಗಾದರೋ ಕೆಂಪು ನೆಲದ ಪ್ರಾಬಲ್ಯ ಹೆಚ್ಚು. ಗಣಿಯಿಂದ ಕೊಡಲಿಯಂಥ ಆಯುಧದಿಂದ ಕಡಿದು ತೆಗೆದ ಕೆಂಪುಕಲ್ಲಿನಲ್ಲಿ ಗೋಡೆ ಕಟ್ಟಿ, ಮೇಲೆ ಹಂಚು ಹೊದಿಸಿದ ಮನೆಗಳು ತಾಲೂಕಿನ ಉದ್ದಗಲಕ್ಕೂ ಕಾಣಸಿಗುವುವು. ಈ ಕಲ್ಲಿಗೆ ವಿಜ್ಞಾನದಲ್ಲಿ ಪ್ರಸಿದ್ಧವಾದ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಪ್ರಕಟಿಸಿದವನು ಫ್ರಾನ್ಸಿಸ್ ಬುಕಾನನ್. ಅವನು ಇದನ್ನು ಗುರುತಿಸಿದ್ದು ಮಲಬಾರಿನ ಅಂಗಡಿಪುರದಲ್ಲಿ.

ಮಣ್ಣು ಎರಡು ಬಗೆಯದಾದಂತೆ ಮಳೆಯೂ ಸಮನಾಗಿಲ್ಲ. ಬೆಳಗಾವಿ ನಗರಕ್ಕೆ ವರ್ಷದಲ್ಲಿ ಹೆಚ್ಚುಕಡಿಮೆ 1,200ರಿಂದ 1,300 ಮಿಲಿಮೀಟರು ಮಳೆ ಬೀಳುವುದಾದರೆ, ಖಾನಾಪುರದಿಂದ ಜಾಂಬೋಟಿ, ಕಣಕುಂಬಿಗಳ ಕಡೆಗೆ, ಅಂದರೆ ಮಲಪ್ರಭೆಯು ಹುಟ್ಟುವ ಘಟ್ಟದ ನೆತ್ತಿಯತ್ತ ಸಾಗಿದಂತೆ, ಅದರ ಪ್ರಮಾಣವು ಹಲವು ಪಟ್ಟು ಏರುತ್ತ ಹೋಗುವುದು. ಜೂನ್ ಮೊದಲ ವಾರದ ಮೃಗಶಿರಾ ಮಳೆಯಿಂದ ಆರಂಭವಾಗಿ ಆರಿದ್ರ, ಪುನರ್ವಸು, ಪುಷ್ಯಗಳಲ್ಲಿ ಎಡೆಬಿಡದೆ ಸುರಿದು, ಮುಂದೆ ದೀಪಾವಳಿಯಿಂದ ಯುಗಾದಿಯ ಆಚೆಯವರೆಗೂ ಆಕಾಶವು ಬರಿದಾಗಿರುವ ಈ ಸೀಮೆಯಲ್ಲಿ ನೆಲವು ವರ್ಷಕ್ಕೊಮ್ಮೆ ಪೂರ್ಣವಾಗಿ ನೆನೆಯುವುದು, ವರ್ಷಕ್ಕೊಮ್ಮೆ ಪೂರ್ಣವಾಗಿ ಒಣಗುವುದು. ಅಂಗಳದ ಬಿರುಕುಗಳ ಚರಿತ್ರೆಯೆಲ್ಲ ಈ ನೆನೆ-ಒಣಗುಗಳ ಚರಿತ್ರೆಯೇ.

ಕಾಂಕ್ರೀಟು ಬರುವುದಕ್ಕೆ ಮುಂಚೆ ಅಂಗಳವು ಬರಿಯ ಮಣ್ಣಿನದಾಗಿತ್ತು. ಗರಸು ಹರಡಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಸಮಮಾಡಿ, ಮೇಲೆ ಹೆಂಡಿಯಿಂದ ಸಾರಿಸುತ್ತಿದ್ದರು. ಮಳೆಗಾಲದಲ್ಲಿ ಈ ನೆಲ ಕರಗಿ ಕೊರಕಲಾಗುವುದು ನಿಶ್ಚಿತವಾಗಿದ್ದುದರಿಂದ, ಮಳೆ ಹಿಂದೆಗೆದ ಕೂಡಲೆ, ಸುಗ್ಗಿಯ ಕಣವನ್ನು ಸಿದ್ಧಪಡಿಸುವ ಕಾಲದಲ್ಲಿಯೇ, ಅಂಗಳವನ್ನೂ ಹೊಸದಾಗಿ ಬಡಿಯುತ್ತಿದ್ದರು. ಆ ಬಳಿಕ ವಾರವಾರಕ್ಕೂ ಹಬ್ಬಹಬ್ಬಕ್ಕೂ ನಡೆಯುತ್ತಿದ್ದ ಸಾರಣೆಯು ಕೂದಲೆಳೆಯಂಥ ಸೀಳುಗಳನ್ನು ಹುಟ್ಟಿದಲ್ಲಿಯೇ ಮುಚ್ಚುತ್ತಿತ್ತು. ದುರಸ್ತಿಯೆಂಬುದು ಆಗ ಪ್ರತ್ಯೇಕವಾದ ಕಾರ್ಯವೇ ಆಗಿರಲಿಲ್ಲ, ಗೃಹಕೃತ್ಯದ ನಿತ್ಯಕ್ರಮದಲ್ಲಿ ಅದು ಲೀನವಾಗಿತ್ತು. ಅದರ ಹೊರೆಯನ್ನು ಹೊತ್ತವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ಸ್ಮರಿಸತಕ್ಕದ್ದು. ಉಳ್ಳವರ ವಾಡೆಗಳಲ್ಲಿ ಕಲ್ಲಿನ ಹಾಸೂ, ಸುಣ್ಣದ ಗಾರೆಯ ಗಚ್ಚೂ ಇದ್ದವು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಉಸುಕಿನೊಡನೆ ಎತ್ತಿನ ಗಾಣದಲ್ಲಿ ಅರೆದು, ಅದಕ್ಕೆ ಇಟ್ಟಿಗೆ ಅಥವಾ ಹಂಚಿನ ಪುಡಿಯಾದ ಸುರಕಿಯನ್ನು ಬೆರೆಸುತ್ತಿದ್ದರು. ಸುಟ್ಟ ಜೇಡಿಯ ಈ ಪುಡಿಯು ಸುಣ್ಣದೊಡನೆ ರಾಸಾಯನಿಕವಾಗಿ ಕೂಡಿ ನೀರಿನಲ್ಲಿಯೂ ಗಟ್ಟಿಯಾಗುವ ಗುಣವನ್ನು ಗಾರೆಗೆ ತಂದುಕೊಡುವುದು. ಹಂಚಿನ ಕಾರಖಾನೆಗಳಿಗೂ ಕುಂಬಾರಿಕೆಗೂ ಖಾನಾಪುರವು ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯು ಅಲ್ಲಿಯೇ ಇದೆ. ಇಂಥ ಜೇಡಿಯ ಊರಿನಲ್ಲಿ ಸುರಕಿಗೆ ಕೊರತೆಯಿರಲಾರದು. ಸುಣ್ಣದ ಗಾರೆಗೆ ಸಿಮೆಂಟಿನಷ್ಟು ಬಲವಿಲ್ಲದಿದ್ದರೂ ಬಾಗುವ ಗುಣವುಂಟು; ಸೂಕ್ಷ್ಮವಾದ ಸೀಳುಗಳೊಳಗೆ ಮಳೆನೀರು ಸುಣ್ಣವನ್ನು ಕರಗಿಸಿ ತಂದು ಮತ್ತೆ ಹೆಪ್ಪುಗಟ್ಟಿಸುವುದರಿಂದ ಅವು ತಾವಾಗಿಯೇ ಕೂಡಿಕೊಳ್ಳುವುದೂ ಉಂಟು.

ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು 1824ರಲ್ಲಿ ಪೋರ್ಟ್‌ಲಂಡ್ ಸಿಮೆಂಟಿನ ಸನದನ್ನು ಪಡೆದನು. 1914ರಲ್ಲಿ ಪೋರಬಂದರದ ಕಾರಖಾನೆ ನಡೆಯತೊಡಗಿದ ಮೇಲೆ ಈ ವಸ್ತು ನಮ್ಮ ದೇಶದಲ್ಲಿ ಕ್ರಮೇಣ ಸುಲಭವಾಯಿತು. ಇಂದು ಬೆಳಗಾವಿ ಜಿಲ್ಲೆಯಲ್ಲಿಯೇ ಯಾದವಾಡದ ಸುಣ್ಣಕಲ್ಲಿನಿಂದ ಸಿಮೆಂಟು ತಯಾರಾಗುತ್ತಿದೆ. ಮೋಟಾರು ವಾಹನಗಳು ಮನೆಮನೆಗೆ ಬಂದಂತೆ ಅಂಗಳಗಳು ಒಂದೊಂದಾಗಿ ಕಾಂಕ್ರೀಟಿನವಾದವು. ಒಮ್ಮೆ ಹಾಕಿದರೆ ತಲೆಮಾರಿನವರೆಗೆ ಚಿಂತೆಯಿಲ್ಲವೆಂಬ ಭಾವನೆಯೂ ಅದರೊಡನೆ ಬಂದಿತು. ಈ ಲೇಖಕನ ಅಭಿಪ್ರಾಯದಲ್ಲಿ, ಬಿರುಕುಗಳು ಇಂದು ಇಷ್ಟು ಹೆಚ್ಚಾಗಿ ತೋರುವುದಕ್ಕೆ ವಸ್ತುವಿನ ದೋಷಕ್ಕಿಂತಲೂ ಆ ಭಾವನೆಯೇ ಮುಖ್ಯ ಕಾರಣ: ಮಣ್ಣಿನ ಅಂಗಳಕ್ಕೆ ಸಲ್ಲುತ್ತಿದ್ದ ವಾರ್ಷಿಕ ಆರೈಕೆಯು ಕಾಂಕ್ರೀಟಿನ ಅಂಗಳಕ್ಕೆ ಸಲ್ಲಲಿಲ್ಲ.

ಈಗ ಎರೆಮಣ್ಣಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು, ಏಕೆಂದರೆ ಈ ಪ್ರಾಂತದಲ್ಲಿ ಅತ್ಯಂತ ಹಟಮಾರಿಯಾದ ಬಿರುಕುಗಳೆಲ್ಲ ಅದರವೇ. ಈ ಮಣ್ಣಿನಲ್ಲಿ ಮೊಂಟ್‌ಮೊರಿಲೊನೈಟ್ ಎಂಬ ಖನಿಜದ ಕಣಗಳು ಅಭ್ರಕದಂತೆ ಪದರಪದರವಾಗಿರುತ್ತವೆ. ನೀರು ಸೋಕಿದೊಡನೆ ಅದು ಪದರಗಳ ನಡುವೆ ನುಗ್ಗಿ ಅವನ್ನು ಪರಸ್ಪರ ದೂರಕ್ಕೆ ತಳ್ಳುವುದು, ಮಣ್ಣು ಉಬ್ಬುವುದು. ಬೇಸಗೆಯಲ್ಲಿ ಆ ನೀರು ಆರಿದಾಗ ಪದರಗಳು ಹತ್ತಿರ ಸರಿದು ಮಣ್ಣು ಕುಗ್ಗುವುದು, ಕೈ ತೂರುವಷ್ಟು ಅಗಲವಾದ ಬಿರುಕುಗಳು ಹೊಲದಲ್ಲಿ ಬಾಯ್ದೆರೆಯುವುವು. ಅಂಗಳಕ್ಕೆ ಕಾಂಕ್ರೀಟು ಹಾಸಿದಾಗ ಅದರ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಗದು. ಅಲ್ಲಿನ ತೇವವು ವರ್ಷವಿಡೀ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ನಿಲ್ಲುವುದು. ಅಂಚುಗಳ ಕೆಳಗಿನ ಮಣ್ಣು ಮಾತ್ರ ಋತುವನ್ನನುಸರಿಸಿ ನೆನೆಯುತ್ತ ಒಣಗುತ್ತ ಇರುವುದು. ಏಪ್ರಿಲ್–ಮೇ ತಿಂಗಳುಗಳಲ್ಲಿ ಅಂಚಿನ ಮಣ್ಣು ಕುಗ್ಗಿ ಕೆಳಗಿಳಿದಾಗ ಹಾಸಿನ ಇಬ್ಬದಿಗಳಿಗೂ ಆಧಾರ ತಪ್ಪಿ, ನಡುಭಾಗವು ಉಬ್ಬಿ ನಿಂತಂತಾಗಿ, ಉದ್ದಕ್ಕೆ ಒಂದು ಸೀಳು ಮೇಲ್ಮೈಯಲ್ಲಿ ತೆರೆದುಕೊಳ್ಳುವುದು. ಆಗಸ್ಟಿನಲ್ಲಿ ಅಂಚು ನೆನೆದು ಮೇಲೇರಿದಾಗ ಅದೇ ಸೀಳು ಮುಚ್ಚಿದಂತೆ ತೋರುವುದು. ಬೇಸಗೆಯಲ್ಲಿ ಬಾಯ್ದೆರೆದು ಮಳೆಗಾಲದಲ್ಲಿ ಮುಚ್ಚುವ, ಗೇಟಿನಿಂದ ಮನೆಯತ್ತ ಉದ್ದವಾಗಿ ಹರಿಯುವ ಬಿರುಕನ್ನು ಕಂಡರೆ ಕೆಳಗೆ ಎರೆಯಿದೆಯೆಂದು ಶಂಕಿಸಲು ಸಾಕಷ್ಟು ಆಧಾರವುಂಟು. ಹಾಸಿನ ಒಂದು ಪಕ್ಕದಲ್ಲಿ ಮಾತ್ರ ಹೂದೋಟವಿದ್ದು ದಿನವೂ ನೀರು ಬೀಳುತ್ತಿದ್ದರೆ, ಇಲ್ಲವೆ ಮೇಲಿನ ಟಾಕಿಯ ನೀರು ತುಂಬಿ ಒಂದೇ ಮೂಲೆಗೆ ಸುರಿಯುತ್ತಿದ್ದರೆ, ಈ ವೈಷಮ್ಯವು ಮತ್ತಷ್ಟು ತೀವ್ರವಾಗುವುದು.

ಎರೆಯನ್ನು ಪಳಗಿಸುವ ವಿದ್ಯೆಗೆ ಮಲಪ್ರಭೆಯೊಡನೆಯೇ ಒಂದು ನಂಟಿರುವುದು ಸಂತೋಷದ ಸಂಗತಿ. ಖಾನಾಪುರದ ಘಟ್ಟದಲ್ಲಿ ಹುಟ್ಟಿದ ಈ ನದಿಯ ನೀರನ್ನು ಸವದತ್ತಿಯ ನವಿಲುತೀರ್ಥದ ಕೆಳಗಣ ಎರೆನಾಡಿಗೆ ಹರಿಸುವ ಕಾಲುವೆಗಳಲ್ಲಿ ಉಬ್ಬುವ ಮಣ್ಣಿನಿಂದ ಒಳಹಾಸು ಒಡೆಯುವ ತೊಂದರೆ ಎದುರಾದಾಗ, ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿಯವರ ಸಂಶೋಧನೆಯು ನೆರವಿಗೆ ಬಂದಿತು. ಉಬ್ಬುವ ಮಣ್ಣಿನ ಮೇಲೆ, ತಾನು ಉಬ್ಬದೆ ಅಂಟಿಕೊಂಡು ನಿಲ್ಲುವ ಗುಣವುಳ್ಳ ಗರಸಿನಂಥ ಮಣ್ಣನ್ನು ತಕ್ಕಷ್ಟು ದಪ್ಪಕ್ಕೆ ಬಡಿದು ಹಾಸಿದರೆ, ಆ ಪದರವು ಕೆಳಗಿನ ಉಬ್ಬನ್ನು ತಡೆಹಿಡಿಯುವುದೆಂಬುದು ಅವರ ಪ್ರತಿಪಾದನೆ. ಕಾಲುವೆಗೆ ಸಲ್ಲುವ ಈ ತತ್ತ್ವವು ಅಂಗಳಕ್ಕೂ ಸಲ್ಲುವುದು; ಅದಕ್ಕೆ ಬೇಕಾದ ಕೆಂಪು ಗರಸಾದರೋ ಬೆಳಗಾವಿಯ ಪಶ್ಚಿಮಕ್ಕೂ ಖಾನಾಪುರದ ದಾರಿಯಲ್ಲೂ ಯಥೇಚ್ಛವಾಗಿದೆ. ಒಂದು ನೆಲದ ರೋಗಕ್ಕೆ ಪಕ್ಕದ ನೆಲವೇ ಔಷಧಿಯಾಗಿ ಒದಗಿರುವ ಈ ಭಾಗ್ಯವನ್ನು ನಮ್ಮ ಜನರು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ.

ಕೆಂಪು ನೆಲದ ಬಿರುಕುಗಳ ಸ್ವಭಾವ ಬೇರೆ. ಜಂಬಿಟ್ಟಿಗೆಯು ಉಬ್ಬುವುದಿಲ್ಲ, ಆದರೆ ಅದರ ರಂಧ್ರಗಳಲ್ಲಿ ನೀರು ನಿರಾತಂಕವಾಗಿ ಸಂಚರಿಸುವುದು. ಖಾನಾಪುರದಲ್ಲಿ ಹಂಚಿನ ಮಾಡಿನ ಸೂರಿನಿಂದ ಜುಲೈ ತಿಂಗಳಿಡೀ ಒಂದೇ ಗೆರೆಯ ಮೇಲೆ ಸುರಿಯುವ ನೀರು ಹಾಸಿನ ಅಂಚನ್ನು ಕೊರೆದು, ಕೆಳಗಣ ನುಣುಪು ಮಣ್ಣನ್ನು ಇಳಿಜಾರಿನತ್ತ ತೊಳೆದೊಯ್ಯುವುದು. ಮೇಲಿನಿಂದ ನೋಡಿದರೆ ಏನೂ ಆಗಿಲ್ಲ, ಕೆಳಗಾದರೋ ಪೊಳ್ಳು. ವಾಹನದ ಚಕ್ರವು ಆ ಪೊಳ್ಳಿನ ಮೇಲೆ ಏರಿದ ದಿನ ಹಾಸಿನ ಮೂಲೆಯು ತ್ರಿಕೋನಾಕಾರವಾಗಿ ಮುರಿದು ಕುಸಿಯುವುದು. ಇಂಥ ಪೊಳ್ಳನ್ನು ಮುಂಚಿತವಾಗಿ ಕಂಡುಹಿಡಿಯಲು ಹಾರೆಯ ಹಿಂತುದಿಯಿಂದ ಹಾಸನ್ನು ಅಲ್ಲಲ್ಲಿ ತಟ್ಟಿ ನೋಡಿದರೆ ಸಾಕು. ಗಟ್ಟಿಯಾದ ಕಡೆ ಖಣಿಲೆಂದೂ ಪೊಳ್ಳಾದ ಕಡೆ ಬೊದ್ದೆಂದೂ ಸಪ್ಪಳವಾಗುವುದನ್ನು ಮನೆಯವರೇ ಗುರುತಿಸಬಲ್ಲರು.

ಮಣ್ಣು ನಿರ್ದೋಷಿಯಾಗಿದ್ದರೂ ಕಾಂಕ್ರೀಟು ತನ್ನ ಮೈಗುಣದಿಂದಲೇ ಬಿರಿಯುವುದುಂಟು. ಹಸಿ ಕಾಂಕ್ರೀಟು ಒಣಗುವಾಗ ಕುಗ್ಗುವುದು. ಸಾಮಾನ್ಯವಾದ ಅಂದಾಜಿನಂತೆ 10 ಮೀಟರು ಉದ್ದದ ಹಾಸು 3 ಮಿಲಿಮೀಟರಿಗೆ ಕಡಿಮೆಯಿಲ್ಲದಷ್ಟು ಕುಗ್ಗುವುದು. 20 ಡಿಗ್ರಿಗಳಷ್ಟು ಉಷ್ಣಾಂಶದ ವ್ಯತ್ಯಾಸಕ್ಕೆ ಅದೇ ಹಾಸು ಮತ್ತೆ ಸುಮಾರು 2 ಮಿಲಿಮೀಟರು ಹಿಗ್ಗಿ ಕುಗ್ಗುವುದು. ನೆಲವು ಅದನ್ನು ಹಿಡಿದುಕೊಂಡಿರುವುದರಿಂದ ಸರಿದಾಡಲು ಎಡೆ ಸಿಗದೆ ಅದು ಎಲ್ಲಿ ದುರ್ಬಲವೋ ಅಲ್ಲಿ ಸೀಳುವುದು. ಈ ಸೀಳನ್ನು ತಪ್ಪಿಸಲಾಗದು, ಆದರೆ ಅದು ಎಲ್ಲಿ ಬೀಳಬೇಕೆಂಬುದನ್ನು ನಾವು ನಿರ್ಧರಿಸಬಹುದು: ಹಾಸಿನ ದಪ್ಪದ 24ರಿಂದ 30 ಪಟ್ಟು ಅಂತರಕ್ಕೊಮ್ಮೆ, ಎಂದರೆ 10 ಸೆಂಟಿಮೀಟರು ದಪ್ಪಕ್ಕೆ ಎರಡೂವರೆಯಿಂದ ಮೂರು ಮೀಟರಿಗೊಮ್ಮೆ, ದಪ್ಪದ ನಾಲ್ಕನೆಯ ಒಂದು ಭಾಗದಷ್ಟು ಆಳಕ್ಕೆ ನೇರವಾದ ಗೀರು ಕೊರೆದರೆ ಬಿರುಕು ಆ ಗೀರಿನ ತಳದಲ್ಲಿ ಅಡಗಿಕೊಳ್ಳುವುದು. ಮನೆಗಳ ಅಂಗಳಗಳಲ್ಲಿ ಈ ಗೀರುಗಳನ್ನು ಬಿಡುವವರು ಬಹಳ ಕಡಿಮೆ. ಇದಕ್ಕಿಂತಲೂ ದೊಡ್ಡ ಅಪರಾಧವೆಂದರೆ ನೀರಿನ ದುಂದು. ಭಾರತೀಯ ಮಾನಕ 456ರ ಪ್ರಕಾರ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿಯ ಎಂ-20 ಮಿಶ್ರಣದಲ್ಲಿ 50 ಕಿಲೋಗ್ರಾಮಿನ ಒಂದು ಚೀಲ ಸಿಮೆಂಟಿಗೆ 30 ಲೀಟರು ನೀರು ಮಿತಿ. ಥಾಪಿಗೆ ಸಲೀಸಾಗಿ ಹರಿಯಲೆಂದು ಇದಕ್ಕಿಂತ ಹೆಚ್ಚು ಸುರಿದ ನೀರೆಲ್ಲ ಮುಂದೆ ಆವಿಯಾಗಿ ಹೋಗುತ್ತ ಕುಗ್ಗನ್ನೂ ರಂಧ್ರಗಳನ್ನೂ ಬಿಟ್ಟುಹೋಗುವುದು. ಮೇಲ್ಮೈಯಲ್ಲಿ ಜೇಡರ ಬಲೆಯಂತೆ ಹರಡುವ ನವಿರಾದ ಗೆರೆಗಳಿಗೆ ಬಹುಮಟ್ಟಿಗೆ ಇದೂ, ಹಾಕಿದ ದಿನದ ಗಾಳಿಬಿಸಿಲಿಗೆ ಮೈ ಬೇಗ ಒಣಗಿದ್ದೂ ಕಾರಣ. ಅವು ನೋಟಕ್ಕೆ ಕೆಟ್ಟವಾದರೂ ಹಾಸಿನ ಬಲವನ್ನು ಕುಂದಿಸುವಂಥವಲ್ಲ.

ದುರಸ್ತಿಗೆ ಮುನ್ನ ನಿರ್ಣಯಿಸಬೇಕಾದ ಮುಖ್ಯ ಪ್ರಶ್ನೆಯೆಂದರೆ ಬಿರುಕು ನಿಂತಿದೆಯೋ, ಇನ್ನೂ ಚಲಿಸುತ್ತಿದೆಯೋ ಎಂಬುದು. ಬಿರುಕಿನ ಎರಡು ದಡಗಳಲ್ಲಿ ಒಂದೊಂದು ಚುಕ್ಕೆ ಗುರುತಿಸಿ, ಅವುಗಳ ನಡುವಣ ಅಂತರವನ್ನು ಬೇಸಗೆಯ ಕೊನೆಯಲ್ಲಿ ಒಮ್ಮೆ, ಶ್ರಾವಣದಲ್ಲಿ ಒಮ್ಮೆ, ದೀಪಾವಳಿಯ ಬಳಿಕ ಒಮ್ಮೆ ಅಳೆದು ಬರೆದಿಡುವುದು ಅತ್ಯಂತ ಸರಳವಾದ ಪರೀಕ್ಷೆ. ಬಿರುಕಿಗೆ ಅಡ್ಡವಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿದರೆ ಅದು ಒಡೆದೂ ಚಲನೆಯನ್ನು ಸಾರುವುದು. ದಡಗಳೆರಡೂ ಒಂದೇ ಮಟ್ಟದಲ್ಲಿವೆಯೋ, ಒಂದು ತಗ್ಗಿದೆಯೋ ಎಂಬುದನ್ನು ಅಂಗೈಯಿಂದ ಸವರಿ ತಿಳಿಯಬಹುದು. ತಗ್ಗಿದ್ದರೆ ಕೆಳಗೆ ಆಧಾರ ತಪ್ಪಿದೆಯೆಂದೇ ಅರ್ಥ. ಒಂದು ವರ್ಷದ ಈ ತಾಳ್ಮೆಯು ಅತಿಯೆಂದು ತೋರಬಹುದಾದರೂ, ವರ್ಷವರ್ಷವೂ ಅದೇ ಬಿರುಕಿಗೆ ಹಣ ತೆರುವುದಕ್ಕಿಂತ ಇದು ಲಾಭಕರ.

ನಿಂತ ಬಿರುಕಿನ ದುರಸ್ತಿ ಹೆಚ್ಚು ಕಷ್ಟದ್ದಲ್ಲ. ಒಂದು ಮಿಲಿಮೀಟರಿಗಿಂತ ಕಿರಿದಾದ ಗೆರೆಗಳನ್ನು ಚೊಕ್ಕಟಗೊಳಿಸಿ, ಲೇಟೆಕ್ಸ್ ಬೆರೆಸಿದ ಸಿಮೆಂಟಿನ ತೆಳುಗಂಜಿಯನ್ನು ಕುಂಚದಿಂದ ತಿಕ್ಕಿದರೆ ಸಾಕು. ಅದಕ್ಕಿಂತ ಅಗಲವಾದ ಬಿರುಕನ್ನು ಅದು ಇರುವ ಸ್ಥಿತಿಯಲ್ಲಿಯೇ ತುಂಬುವುದು ವ್ಯರ್ಥ. ಉಳಿ-ಸುತ್ತಿಗೆಯಿಂದಲೋ ಕತ್ತರಿಸುವ ಯಂತ್ರದಿಂದಲೋ ಅದನ್ನು ಸುಮಾರು 12 ಮಿಲಿಮೀಟರು ಅಗಲ, 20ರಿಂದ 25 ಮಿಲಿಮೀಟರು ಆಳಕ್ಕೆ ಹಿಗ್ಗಿಸಬೇಕು. ಆ ಗುಣಿಯ ಬದಿಗಳು ನೆಟ್ಟಗೆ ಇಳಿದಿರಬೇಕೇ ಹೊರತು ಬಾಯಲ್ಲಿ ಅಗಲವಾಗಿ ತಳದಲ್ಲಿ ಚೂಪಾಗಿರಕೂಡದು, ಏಕೆಂದರೆ ಹಾಗೆ ತೆಗೆದ ಗುಣಿಯ ಅಂಚಿನಲ್ಲಿ ಗಾರೆಯು ಎಲೆಯಷ್ಟು ತೆಳುವಾಗಿ ಚಕ್ರದ ಹೊಡೆತಕ್ಕೆ ಎದ್ದುಹೋಗುವುದು. ತಂತಿಯ ಕುಂಚದಿಂದ ಉಜ್ಜಿ, ಗಾಳಿ ಊದಿ, ಧೂಳಿನ ಲೇಶವೂ ಉಳಿಯದಂತೆ ತೊಳೆದು, ಬದಿಗಳು ನೀರು ಕುಡಿದು ತೇವವಾಗಿರುವಂತೆ, ಆದರೆ ತಳದಲ್ಲಿ ನೀರು ನಿಂತಿರದಂತೆ ನೋಡಿಕೊಂಡು, ಮೊದಲು ಲೇಟೆಕ್ಸ್ ಬೆರೆಸಿದ ಸಿಮೆಂಟಿನ ಗಂಜಿಯನ್ನು ಬಳಿದು, ಅದು ಹಸಿಯಾಗಿರುವಾಗಲೇ ಒಂದಕ್ಕೆ ಮೂರು ಪಾಲು ಉಸುಕಿನ ಗಾರೆಯನ್ನು ಅದೇ ಲೇಟೆಕ್ಸ್ ನೀರಿನಲ್ಲಿ ಕಲಸಿ ಒತ್ತಿ ತುಂಬಬೇಕು. ಒಂದು ದಿನ ಒದ್ದೆ ಗೋಣಿತಾಟು ಹೊದಿಸಿ, ಆ ಬಳಿಕ ತಾನಾಗಿ ಆರಲು ಬಿಡತಕ್ಕದ್ದು. ಈ ಕೆಲಸದಲ್ಲಿ ಗವಂಡಿಯ ಕೌಶಲವು ತುಂಬುವುದರಲ್ಲಿ ಎಷ್ಟೋ ತೊಳೆಯುವುದರಲ್ಲಿಯೂ ಅಷ್ಟೇ ಕಾಣುವುದು. ಧೂಳಿನ ಮೇಲೆ ಹಚ್ಚಿದ ಗಾರೆಯು ಧೂಳಿಗೆ ಅಂಟುವುದಲ್ಲದೆ ಕಲ್ಲಿಗೆ ಅಂಟದು. ಹಾಸು ಮುರಿದು ಎರಡಾಗಿದ್ದು ಅವನ್ನು ಮತ್ತೆ ಒಂದೇ ಮೈಯಾಗಿಸಬೇಕಾದಲ್ಲಿ ನೀರಿನಂತೆ ತೆಳುವಾದ ಎಪಾಕ್ಸಿ ರಾಳವನ್ನು ಇಳಿಸುವುದುಂಟು. ಅದು ಬೆಲೆಬಾಳುವ ವಸ್ತು, ಬಿರುಕು ಪೂರ್ಣವಾಗಿ ಒಣಗಿರುವಲ್ಲಿ ಮಾತ್ರ ಫಲಕಾರಿ. ಖಾನಾಪುರದ ತೇವದಲ್ಲಿ ಫೆಬ್ರುವರಿಗೆ ಮುಂಚೆ ಇದನ್ನು ಕೈಗೊಳ್ಳದಿರುವುದು ಲೇಸು.

ಚಲಿಸುವ ಬಿರುಕಿಗೆ ಸಿಮೆಂಟು ತುಂಬಲೇಬಾರದು. ಸಿಮೆಂಟು ಎಳೆತವನ್ನು ತಾಳದು. ಗಟ್ಟಿಯಾದ ಬೆಣೆಯಾಗಿ ಅದು ಅಲ್ಲಿ ಕುಳಿತು, ಮುಂದಿನ ಋತುವಿನಲ್ಲಿ ದಡಗಳು ಹತ್ತಿರವಾಗುವಾಗ ಅವನ್ನೇ ಒಡೆಯುವುದು. ಇಂಥ ಬಿರುಕನ್ನು ಕೀಲೆಂದು ಒಪ್ಪಿಕೊಂಡು, ಬಾಯನ್ನು ಸಮನಾಗಿ ಕೊರೆದು, ತಳದಲ್ಲಿ ಫೋಮಿನ ಹುರಿಯನ್ನು ಇಟ್ಟು, ಮೇಲೆ ಪಾಲಿಯುರೆಥೇನಿನಂಥ ಹಿಗ್ಗುವ ಸೀಲಂಟನ್ನು ಅಗಲದ ಅರ್ಧದಷ್ಟು ಆಳಕ್ಕೆ ತುಂಬಬೇಕು. ಹುರಿಯ ಪ್ರಯೋಜನವೆಂದರೆ ಸೀಲಂಟು ಎರಡು ಬದಿಗಳಿಗೆ ಮಾತ್ರ ಅಂಟಿ ತಳಕ್ಕೆ ಅಂಟದಂತೆ ತಡೆಯುವುದು. ಮೂರು ಕಡೆಗೂ ಅಂಟಿದ ಸೀಲಂಟು ಸ್ವಚ್ಛಂದವಾಗಿ ಹಿಗ್ಗಲಾರದೆ ಹರಿಯುವುದು. ಕಾದ ಡಾಂಬರಿಗೆ ಉಸುಕು ಬೆರೆಸಿ ಸಂದುಗಳಿಗೆ ಹೊಯ್ಯುವುದು ಹಿಂದಿನಿಂದ ಬಂದ ಅಗ್ಗದ ಉಪಾಯ. ಮೇ ತಿಂಗಳ ಬಿಸಿಲಿಗೆ ಕರಗಿ ಕಾಲಿಗೆ ಮೆತ್ತುವುದಾದರೂ ನೀರನ್ನು ತಡೆಯುವ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡುವುದು. ಕಾಲದ ಆಯ್ಕೆಯೂ ಇಲ್ಲಿ ಮುಖ್ಯ. ಎರೆನೆಲದ ಬಿರುಕು ಮೇ ತಿಂಗಳಲ್ಲಿ ಅತ್ಯಂತ ಅಗಲವಾಗಿಯೂ ಆಗಸ್ಟಿನಲ್ಲಿ ಅತ್ಯಂತ ಕಿರಿದಾಗಿಯೂ ಇರುವುದರಿಂದ, ನಡುವಣ ಅಗಲದಲ್ಲಿರುವ ಡಿಸೆಂಬರ್–ಜನವರಿಯಲ್ಲಿ ತುಂಬಿದ ಸೀಲಂಟು ಎರಡೂ ಕಡೆಗೆ ಸಮನಾಗಿ ಆಡಬಲ್ಲದು. ಸಿಮೆಂಟಿನ ಕೆಲಸಕ್ಕೂ ಆ ತಿಂಗಳುಗಳ ಮಂದವಾದ ಬಿಸಿಲೇ ಹಿತ.

ಈ ಯಾವ ಚಿಕಿತ್ಸೆಯೂ ನೀರಿನ ದಾರಿಯನ್ನು ಸರಿಪಡಿಸದೆ ಪೂರ್ಣವಾಗದು. ಹಾಸಿಗೆ ಮನೆಯಿಂದ ಹೊರಕ್ಕೆ 50 ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರಿರಬೇಕು. ಸೂರಿಗೆ ತಗಡಿನ ದೋಣಿ ಕಟ್ಟಿ, ಅದರ ನೀರನ್ನು ಕೊಳವೆಯಲ್ಲಿ ಇಳಿಸಿ ಗಟಾರಕ್ಕೋ ಇಂಗುಗುಂಡಿಗೋ ಒಯ್ಯುವುದು ಖಾನಾಪುರ, ಜಾಂಬೋಟಿಗಳಲ್ಲಿ ಐಚ್ಛಿಕವಲ್ಲ, ಅನಿವಾರ್ಯ. ಇಂಗುಗುಂಡಿಯು ಹಾಸಿನ ಅಂಚಿನಿಂದ ದೂರವಿರಬೇಕು, ಎರೆನೆಲದಲ್ಲಿಯಂತೂ ವಿಶೇಷವಾಗಿ ದೂರವಿರಬೇಕು. ಹಾಸಿನ ಅಂಚಿನ ಸುತ್ತ ಒಂದು ಮೀಟರು ಅಗಲಕ್ಕೆ ಗರಸು ಬಡಿದರೆ ಅಂಚಿನ ಮಣ್ಣಿನ ತೇವವು ಹಠಾತ್ತಾಗಿ ಏರಿಳಿಯದು. ಹಾವಸೆ ಕಟ್ಟಿದ ಬಿರುಕನ್ನು ಬ್ಲೀಚಿಂಗ್ ಪುಡಿಯಿಂದ ತಿಕ್ಕಿ ತೊಳೆದ ಮೇಲೆಯೇ ತುಂಬತಕ್ಕದ್ದು.

ಮರದ ಬೇರುಗಳ ವಿಷಯದಲ್ಲಿ ಅವಸರ ಸಲ್ಲದು. ದಂಡು ಪ್ರದೇಶದ ಹಳೆಯ ಬಂಗಲೆಗಳ ವಿಶಾಲವಾದ ಆವಾರಗಳಲ್ಲಿಯೂ ತಿಳಕವಾಡಿಯ ಬೀದಿಗಳಲ್ಲಿಯೂ ಮರಗಳು ಈ ನಗರದ ಸೊಬಗು. ಬೇರು ಹಾಸನ್ನು ಎತ್ತಿದೆಯೆಂದು ದಪ್ಪನಾದ ಬೇರನ್ನು ಕಡಿದರೆ ಮುಂದಿನ ಮುಂಗಾರಿನ ಗಾಳಿಗೆ ಮರವೇ ಮನೆಯ ಮೇಲೆ ಬಂದೀತು. ಎದ್ದಿರುವ ಹಾಸನ್ನು ಅಷ್ಟರಮಟ್ಟಿಗೆ ಒಡೆದು ತೆಗೆದು, ಬೇರು ಉಸಿರಾಡುವಂತೆ ಅಲ್ಲಿ ಪೇವರ್ ಬ್ಲಾಕುಗಳನ್ನೋ ಬಿಡಿಕಲ್ಲನ್ನೋ ಹಾಸುವುದೇ ವಿವೇಕದ ದಾರಿ.

ಪೇವರಿನ ಹಾಸಿನಲ್ಲಿ ಬಿರುಕೆಂಬುದು ಕಾಣದು, ಅದರ ಬದಲು ತಗ್ಗು ಬೀಳುವುದು. ತಗ್ಗಿದ ಬ್ಲಾಕುಗಳನ್ನು ಎತ್ತಿ, ಕೆಳಗೆ ಗರಸು ಬಡಿದು, ಸುಮಾರು 30 ಮಿಲಿಮೀಟರು ಉಸುಕು ಹರಡಿ, ಅವೇ ಬ್ಲಾಕುಗಳನ್ನು ಮರಳಿ ಕೂಡಿಸಿ ಸಂದುಗಳಿಗೆ ಸಣ್ಣ ಉಸುಕು ಗುಡಿಸಿದರಾಯಿತು. ಏನನ್ನೂ ಎಸೆಯದ ದುರಸ್ತಿ ಇದು. ಎರೆನೆಲದ ಅಂಗಳಕ್ಕೆ ಕಾಂಕ್ರೀಟಿಗಿಂತ ಪೇವರು ಲೇಸೆಂದು ಇದೇ ಕಾರಣದಿಂದ ಹೇಳಬಹುದು. ಕಾರಿನ ಓಡಾಟಕ್ಕೆ 60 ಮಿಲಿಮೀಟರು ದಪ್ಪದ, ಎಂ-35 ಶ್ರೇಣಿಯ ಬ್ಲಾಕನ್ನು ಭಾರತೀಯ ಮಾನಕ 15658 ಸೂಚಿಸುತ್ತದೆ. ಶಹಾಬಾದಿ ಫರಸಿಯ ಹಾಸಿನಲ್ಲಿಯೂ ಕ್ರಮ ಹೆಚ್ಚುಕಡಿಮೆ ಇದೇ. ಒಡೆದ ಫರಸಿಯನ್ನು ಮಾತ್ರ ಬದಲಿಸಬೇಕು, ಸಂದನ್ನು ಸುಣ್ಣ-ಸಿಮೆಂಟಿನ ಮೆದುವಾದ ಗಾರೆಯಿಂದ ಮುಚ್ಚಬೇಕು.

ದಡಗಳು ಮೇಲುಕೆಳಗಾಗಿ ಹಾಸು ಹಲವು ತುಂಡುಗಳಾಗಿದ್ದಾಗ ಬಿರುಕು ತುಂಬುವ ಮಾತನ್ನು ಬಿಟ್ಟು ಆ ಭಾಗವನ್ನು ಒಡೆದು ಹೊಸದಾಗಿ ಹಾಕತಕ್ಕದ್ದು. ರಂಧ್ರ ಕೊರೆದು ಕೆಳಗೆ ಸಿಮೆಂಟಿನ ರಾಡಿಯನ್ನು ಒತ್ತಿ ಹಾಸನ್ನು ಎತ್ತುವ ವಿಧಾನ ಪಾಶ್ಚಾತ್ಯ ದೇಶಗಳಲ್ಲಿ ಬಳಕೆಯಲ್ಲಿದೆ. ನಮ್ಮ ಸಣ್ಣ ಅಂಗಳಗಳಿಗೆ ಅದರ ವೆಚ್ಚ ಹೊಂದದು. ಎರೆಯ ನೆಲವಾದರೆ ಸಾಧ್ಯವಾದಷ್ಟು, ಎರಡು ಅಡಿಗೆ ಕಡಿಮೆಯಿಲ್ಲದಂತೆ, ಆ ಮಣ್ಣನ್ನು ತೆಗೆದುಹಾಕಿ, ಕೆಂಪು ಗರಸನ್ನು ಅರ್ಧ ಅಡಿಯ ಪದರಗಳಲ್ಲಿ ನೀರು ಹೊಡೆದು ಬಡಿಯಬೇಕು. ಅಷ್ಟು ಅಗೆಯಲಾಗದಿದ್ದಲ್ಲಿ ಎರೆಗೆ ನೂರಕ್ಕೆ ಮೂರರಿಂದ ಆರು ಪಾಲು ಸುಣ್ಣ ಬೆರೆಸಿ ಬಡಿದರೂ ಅದರ ಉಬ್ಬುವ ಗುಣ ಬಹಳಮಟ್ಟಿಗೆ ತಗ್ಗುವುದು. ಕೆಂಪು ನೆಲದಲ್ಲಿ ಪೊಳ್ಳುಗಳನ್ನು ತೆರೆದು ತುಂಬಿದರೆ ಸಾಕು. ಅದರ ಮೇಲೆ ನಾಲ್ಕು ಅಂಗುಲ ಖಡಿ, ಒಂದು ಪ್ಲಾಸ್ಟಿಕ್ಕಿನ ಹಾಳೆ, ಮತ್ತೆ ನಾಲ್ಕರಿಂದ ಐದು ಅಂಗುಲದ ಕಾಂಕ್ರೀಟು. ಹೊಸ ಹಾಸು ಮನೆಯ ಗೋಡೆಗೂ ಗೇಟಿನ ಕಂಬಕ್ಕೂ ನೇರವಾಗಿ ಅಂಟದಂತೆ ನಡುವೆ ಅರ್ಧ ಅಂಗುಲದ ಥರ್ಮಾಕೋಲಿನ ಪಟ್ಟಿ. ಮರುದಿನವೇ ಗೀರುಗಳನ್ನು ಕೊರೆಯಬೇಕು. ಇಂದು ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವ ಮಿಶ್ರ ಸಿಮೆಂಟಿಗೆ 10 ದಿನಗಳಿಗೆ ಕಡಿಮೆಯಿಲ್ಲದಂತೆ ನೀರುಣಿಸಬೇಕೆಂದು ಭಾರತೀಯ ಮಾನಕ 456 ವಿಧಿಸಿದೆ. ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ಎರಡು ಅಂಗುಲ ನೀರು ನಿಲ್ಲಿಸುವುದು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಕ್ರಮ. ಹಸಿ ಸಿಮೆಂಟು ಚರ್ಮವನ್ನು ಸುಡುವುದರಿಂದಲೂ, ಹಾಸು ಒಡೆಯುವಾಗ ಏಳುವ ಕಲ್ಲಿನ ಧೂಳು ಪುಪ್ಪುಸಕ್ಕೆ ಹಾನಿಕರವಾದ್ದರಿಂದಲೂ, ಕೆಲಸಗಾರರಿಗೆ ಕೈಗವಸು, ಮುಖವಸ್ತ್ರ ಮತ್ತು ಬೂಟುಗಳನ್ನು ಒದಗಿಸುವುದು ಮನೆಯ ಯಜಮಾನನ ಕರ್ತವ್ಯ. ನೀರಿಳಿಸಿದ ಬಳಿಕ ಸಣ್ಣ ಕಾರನ್ನು ಹೊಸ ಹಾಸಿನ ಮೇಲೆ ತರಬಹುದು. ಉಸುಕು, ಇಟ್ಟಿಗೆಗಳ ಲಾರಿಯನ್ನು 28 ದಿನ ತುಂಬುವವರೆಗೂ ಗೇಟಿನ ಹೊರಗೇ ನಿಲ್ಲಿಸತಕ್ಕದ್ದು.